ಯೂರೋಪಿನ ಬಿಡುಗಡೆಯೂ ಕೋಲಾರ ಸೀಮೆಯ ಬಿಡುಗಡೆಯೂ

(ಹುತ್ತೂರು ಸೀಮೆಯ ಸದ್ಭಕ್ತರ ಸಭೆಯಲ್ಲಿ ನಡೆದ ಉಪನ್ಯಾಸ)



ಒಂದು ಜನಾಂಗವು ಪರರ ಆಳ್ವಿಕೆಯಿಂದ ಬಿಡುಗಡೆ ಹೊಂದಿದರೆ ಅದನ್ನು ಸ್ವಾತಂತ್ರ್ಯವೆಂದು ಕರೆಯುವುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಅದೇ ಬಿಡುಗಡೆಯನ್ನು ವಸಾಹತು ವಿಮೋಚನೆಯೆಂದು ಕರೆಯಬಹುದೋ ಬಾರದೋ ಎಂಬ ಪ್ರಶ್ನೆಯು ಎದ್ದೊಡನೆ ಮಾತ್ರ ವಿದ್ವಾಂಸರಲ್ಲಿ ಎರಡು ಪಕ್ಷಗಳಾಗುವುವು. ಭಾರತ, ಬರ್ಮಾ, ಘಾನಾ, ಇಂಡೋನೇಷ್ಯಗಳ ವಿಷಯದಲ್ಲಿ ಸಂದೇಹವಿಲ್ಲ. ನಾರ್ವೆ, ಐರ್ಲೆಂಡ್, ಮಾಲ್ಟಾ, ಎಸ್ಟೋನಿಯಗಳ ಸಂಗತಿ ಹೇಗೆ? ಯೂರೋಪಿಯನ್ನರು ಲೋಕವನ್ನು ಆಳಿದವರಲ್ಲವೆ, ಅವರನ್ನೇ ಆಳಿಸಿಕೊಂಡವರ ಪಂಕ್ತಿಯಲ್ಲಿ ಕೂರಿಸುವುದೆಂತು ಎಂದು ಒಂದು ಪಕ್ಷ. ದಾಸ್ಯಕ್ಕೆ ಮೈಬಣ್ಣವಿಲ್ಲ, ಖಂಡವಿಲ್ಲ ಎಂದು ಇನ್ನೊಂದು ಪಕ್ಷ.

ಕೋಲಾರ ಸೀಮೆಯ ರೈತನಿಗೆ ಇದರಿಂದ ಆಗಬೇಕಾದುದೇನು ಎಂದು ಯಾರಾದರೂ ಕೇಳಿದರೆ ಆ ಕೇಳಿಕೆಯು ನ್ಯಾಯವಾದುದೇ. ಹುತ್ತೂರು ಹೋಬಳಿಯೂ ಅದು ಸೇರಿರುವ ಕೋಲಾರ ತಾಲ್ಲೂಕೂ ಹಿಂದಿನ ಮೈಸೂರು ಸಂಸ್ಥಾನಕ್ಕೆ ಒಳಪಟ್ಟಿದ್ದವು. ಆ ಸಂಸ್ಥಾನವಾದರೋ ಕಾಗದಪತ್ರಗಳ ಪ್ರಕಾರ ಎಂದೂ ಬ್ರಿಟಿಷರ ವಸಾಹತಾಗಿರಲಿಲ್ಲ. ಸಿಂಹಾಸನವಿದ್ದಿತು, ಮಹಾರಾಜರಿದ್ದರು, ದಿವಾನರಿದ್ದರು. ಹಾಗಾದರೆ 1947ರಲ್ಲಿ ಇಲ್ಲಿಯ ಜನರು ಯಾವುದರಿಂದ ಬಿಡುಗಡೆ ಹೊಂದಿದರು? ನಾರ್ವೆಯವನೂ ಐರ್ಲೆಂಡಿನವನೂ ತನ್ನ ತನ್ನ ದೇಶವನ್ನು ಕುರಿತು ಕೇಳಿಕೊಳ್ಳುವ ಪ್ರಶ್ನೆಯೇ ಇದು. ಅಲ್ಲಿಯ ತೀರ್ಮಾನಕ್ಕೆ ಯಾವ ಅಳತೆಗೋಲನ್ನು ಹಿಡಿಯುವರೋ ಇಲ್ಲಿಗೂ ಅದನ್ನೇ ಹಿಡಿಯಬೇಕಾಗುವುದು.

ಮೊದಲು ಪದದ ಅರ್ಥವನ್ನು ನೋಡುವುದು ಯುಕ್ತ. ವಸಾಹತು ಎಂದರೆ ಹೊರಗಿನಿಂದ ಬಂದವರು ನೆಲಸಿದ ಊರು. ಇಂಗ್ಲಿಷಿನ 'ಕಾಲನಿ' ಎಂಬುದು ಲ್ಯಾಟಿನ್ ಭಾಷೆಯ 'ಕೊಲೋನಿಯ' ಎಂಬುದರಿಂದ ಬಂದುದು. ಅದರ ಮೂಲದಲ್ಲಿರುವುದು ಉಳುವವನು ಎಂಬ ಅರ್ಥ. ರೋಮಿನವರು ಗೆದ್ದ ನೆಲದಲ್ಲಿ ತಮ್ಮವರನ್ನು ಉಳಲು ಬಿಟ್ಟು, ಆ ಊರನ್ನು ಹಾಗೆ ಕರೆದರು. ಕಾಲಕ್ರಮದಲ್ಲಿ ಪದವು ಬಹು ದೂರ ಸಾಗಿತು. ಈ ಸೀಮೆಯ ಹಳ್ಳಿಗಳಲ್ಲಿ ಇಂದು 'ಕಾಲೋನಿ' ಎಂದರೆ ಯಾವುದು ಎಂಬುದನ್ನು ಸಭಿಕರಿಗೆ ವಿವರಿಸಬೇಕಾಗಿಲ್ಲ. ಊರಿನ ಹೊರಗೆ ಇರಿಸಲ್ಪಟ್ಟವರು ವಾಸಿಸುವ ಕೇರಿಗೆ ಆ ಹೆಸರು. ಗೆದ್ದವರ ನೆಲೆಗಿದ್ದ ಹೆಸರು ಹೊರಗಿಟ್ಟವರ ಬೀದಿಗೆ ಬಂದು ನಿಂತಿರುವುದು ವಿಚಿತ್ರವಾದರೂ ಅರ್ಥಹೀನವಲ್ಲ.

ಹೊರಗಿನವರ ಆಳ್ವಿಕೆಯೆಲ್ಲವೂ ವಸಾಹತೆಂದು ಒಪ್ಪಿದರೆ ಕೋಲಾರದ ಚರಿತ್ರೆಯೇ ತಲೆಕೆಳಗಾಗುವುದು. ಗಂಗರ ಆದಿ ರಾಜಧಾನಿಯಾಗಿದ್ದ ಈ ಪಟ್ಟಣವು ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರ ವಶವಾಯಿತು. ಕೋಲಾರಮ್ಮನ ಗುಡಿಯ ಗೋಡೆಗಳಲ್ಲಿ ಅವರ ತಮಿಳು ಶಾಸನಗಳು ಇಂದಿಗೂ ಇವೆ. ಆಮೇಲೆ ಹೊಯ್ಸಳರು, ವಿಜಯನಗರದವರು, ಬಿಜಾಪುರದವರು, ಷಹಾಜಿಯ ಜಹಗೀರು, ಮೊಗಲರು, ಕಡೆಗೆ ಬೂದಿಕೋಟೆಯಲ್ಲಿಯೇ ಹುಟ್ಟಿದ ಹೈದರಾಲಿ. ಇವರಲ್ಲಿ ಹಲವರ ರಾಜಧಾನಿಗಳು ದೂರದಲ್ಲಿದ್ದವು. ಆದರೂ ಕೋಲಾರವು ತಂಜಾವೂರಿನ ವಸಾಹತಾಗಿತ್ತೆಂದು ಯಾರೂ ಹೇಳುವುದಿಲ್ಲ. ಗೆದ್ದವರು ಗೆದ್ದ ನಾಡಿನ ದೇವರಿಗೆ ದತ್ತಿ ಬಿಟ್ಟರು, ಇಲ್ಲಿಯ ಗೌಡ ಶಾನುಭೋಗರನ್ನು ಉಳಿಸಿದರು, ಎರಡು ತಲೆಮಾರುಗಳಲ್ಲಿ ತಾವೂ ಈ ನೆಲದವರೇ ಆದರು. ಯುದ್ಧ ಸುಲಿಗೆಗಳು ಇರಲಿಲ್ಲವೆಂದಲ್ಲ, ಬೇಕಾದಷ್ಟು ಇದ್ದವು. ಜಯಿಸುವುದು ಒಂದು, ವಸಾಹತು ಮಾಡುವುದು ಇನ್ನೊಂದು ಎಂಬಷ್ಟೇ ಇಲ್ಲಿಯ ಮಾತು.

ಇನ್ನು ನ್ಯಾಯಶಾಸ್ತ್ರದ ಅಳತೆಗೋಲು. ಸಂಯುಕ್ತ ರಾಷ್ಟ್ರಸಂಸ್ಥೆಯು 1946ರಲ್ಲಿ ಸ್ವಯಮಾಡಳಿತವಿಲ್ಲದ 74 ಪ್ರದೇಶಗಳ ಪಟ್ಟಿಯನ್ನು ಸಿದ್ಧಪಡಿಸಿತು. 1960ರ ಡಿಸೆಂಬರ್ 14ರಂದು ವಸಾಹತುಗಳಿಗೆ ಸ್ವಾತಂತ್ರ್ಯ ಕೊಡಬೇಕೆಂಬ ಘೋಷಣೆಯನ್ನು ಅಂಗೀಕರಿಸಿ, ಮರುದಿನವೇ ವಸಾಹತಿನ ಲಕ್ಷಣವನ್ನು ಹೇಳಿತು: ಆ ಪ್ರದೇಶವು ಆಳುವ ದೇಶದಿಂದ ಭೌಗೋಳಿಕವಾಗಿ ಬೇರೆಯಾಗಿರಬೇಕು, ಕುಲದಿಂದಲೋ ಸಂಸ್ಕೃತಿಯಿಂದಲೋ ಭಿನ್ನವಾಗಿರಬೇಕು. ಮಧ್ಯೆ ಉಪ್ಪುನೀರು ಇದ್ದರೆ ವಸಾಹತು, ಒಣನೆಲವಿದ್ದರೆ ಅಲ್ಲ ಎಂದು ಇದನ್ನು ಹಾಸ್ಯ ಮಾಡಿದವರುಂಟು.

ಈ ಪಟ್ಟಿಯನ್ನು ತೆರೆದು ನೋಡಿದರೆ ಮೊದಲ ಪಕ್ಷದವರ ವಾದವು ಅಲ್ಲಿಯೇ ಕುಸಿಯುವುದು. ಅದರಲ್ಲಿ ಯೂರೋಪಿನ ಮಾಲ್ಟಾ ಇದೆ, ಜಿಬ್ರಾಲ್ಟರ್ ಇದೆ, ಸೈಪ್ರಸ್ ಇದೆ. ಸೈಪ್ರಸ್ 1960ರಲ್ಲಿಯೂ ಮಾಲ್ಟಾ 1964ರಲ್ಲಿಯೂ ಸ್ವತಂತ್ರವಾದವು. ಜಿಬ್ರಾಲ್ಟರ್ ಇಂದಿಗೂ ಉಳಿದಿರುವ 17 ಪ್ರದೇಶಗಳಲ್ಲೊಂದು. ಆದುದರಿಂದ ಯೂರೋಪಿನ ದೇಶವೆಂಬ ಒಂದೇ ಕಾರಣದಿಂದ ಅದರ ಬಿಡುಗಡೆಯನ್ನು ವಸಾಹತು ವಿಮೋಚನೆಯಲ್ಲವೆನ್ನುವುದು ಸಲ್ಲದು.

ಹಾಗೆಂದು ಪಟ್ಟಿಯನ್ನೇ ಪ್ರಮಾಣವಾಗಿ ನಂಬುವಂತೆಯೂ ಇಲ್ಲ. ಪೋರ್ತುಗಲ್ ದೇಶವು 1951ರಲ್ಲಿ ತನ್ನ ವಸಾಹತುಗಳಿಗೆಲ್ಲ 'ಸಮುದ್ರದಾಚೆಯ ಪ್ರಾಂತ್ಯ'ಗಳೆಂದು ಹೊಸ ಹೆಸರಿಟ್ಟು, ಗೋವೆಯು ಲಿಸ್ಬನ್ನಿನ ನೆರೆಯ ಜಿಲ್ಲೆಯಂತೆಯೇ ತನ್ನ ದೇಶದ ಅಂಗವೆಂದು ಸಾಧಿಸಹೊರಟಿತು. ಹೆಸರು ಕ್ಷೀರಸಾಗರಭಟ್ಟ, ಮಜ್ಜಿಗೆಗೆ ಗತಿಯಿಲ್ಲ ಎಂಬ ಗಾದೆಗೆ ಇದಕ್ಕಿಂತ ಉತ್ತಮ ನಿದರ್ಶನ ಸಿಕ್ಕದು. ರಾಷ್ಟ್ರಸಂಸ್ಥೆಯು 1960ರಲ್ಲಿ ಆ ವಾದವನ್ನು ತಳ್ಳಿಹಾಕಿತು. ಮರುವರ್ಷ ಡಿಸೆಂಬರಿನಲ್ಲಿ ಗೋವೆಯು ಭಾರತಕ್ಕೆ ಸೇರಿತು. ಇದಕ್ಕಿಂತಲೂ ಸೋಜಿಗವಾದುದು ಭಾರತದ ಸಂಗತಿ. ರಾಷ್ಟ್ರಸಂಸ್ಥೆಯ ಸನ್ನದಿಗೆ 1945ರ ಜೂನ್ 26ರಂದು ಸಾನ್ ಫ್ರಾನ್ಸಿಸ್ಕೋದಲ್ಲಿ ಭಾರತದ ಪರವಾಗಿಯೂ ಸಹಿಯಾಯಿತು. ಇನ್ನೂ ಪರಾಧೀನವಾಗಿದ್ದ ದೇಶವೊಂದು ಸ್ಥಾಪಕ ಸದಸ್ಯನಾಗಿ ಕುಳಿತುದರಿಂದ ಅದು ಆ 74ರ ಪಟ್ಟಿಯಲ್ಲಿ ಬರಲೇ ಇಲ್ಲ. ಪಟ್ಟಿಯೇ ಪ್ರಮಾಣವಾದರೆ ಭಾರತದ ಬಿಡುಗಡೆಯೂ ವಸಾಹತು ವಿಮೋಚನೆಯಲ್ಲವೆನ್ನಬೇಕಾದೀತು. ಅಂದು ಭಾರತದ ನಿಯೋಗದ ಮುಖಂಡರಾಗಿದ್ದವರು ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು. ಮರುವರ್ಷ ಅವರೇ ಮೈಸೂರಿನ ದಿವಾನರಾದರು. 1947ರಲ್ಲಿ ಪ್ರಜೆಗಳು ಜವಾಬ್ದಾರಿ ಸರ್ಕಾರಕ್ಕಾಗಿ ಚಳವಳಿ ಹೂಡಿದುದು ಅವರ ಆಡಳಿತದ ವಿರುದ್ಧವಾಗಿಯೇ.

ಆದುದರಿಂದ ಹೆಸರನ್ನು ಬಿಟ್ಟು ಗುಣವನ್ನು ನೋಡಬೇಕು. ನೆಲ, ತೆರಿಗೆ, ಕಾಯಿದೆಗಳ ವಿಷಯದಲ್ಲಿ ಕಡೆಯ ಮಾತು ಯಾರದು? ಆಡುವವರನ್ನು ಆ ಮಾತಿಗೆ ಹೊಣೆಮಾಡುವ ದಾರಿ ಆಳಿಸಿಕೊಂಡವರಿಗೆ ಇದೆಯೆ? ನೆಲದ ಹುಟ್ಟುವಳಿಯು ಎಲ್ಲಿಗೆ ಹೋಗುವುದು? ಇವಿಷ್ಟನ್ನು ವಿಚಾರಿಸಿದರೆ ಸಾಕು.

ನಾರ್ವೆಯನ್ನು ತೆಗೆದುಕೊಂಡರೆ ತೀರ್ಪು ಸುಲಭ. ಆ ದೇಶವು 1814ರಿಂದ ಸ್ವೀಡನ್ನಿನ ರಾಜನಿಗೆ ಒಳಪಟ್ಟಿದ್ದರೂ ತನ್ನದೇ ರಾಜ್ಯಾಂಗವನ್ನೂ ಪ್ರಜಾಪ್ರತಿನಿಧಿ ಸಭೆಯನ್ನೂ ಖಜಾನೆಯನ್ನೂ ಉಳಿಸಿಕೊಂಡಿತ್ತು. ರಾಜನು ಒಪ್ಪದ ಕಾಯಿದೆಯನ್ನು ಸಭೆಯು ಮೂರಾವರ್ತಿ ಅಂಗೀಕರಿಸಿದರೆ ಅದು ಜಾರಿಗೆ ಬರುತ್ತಿತ್ತು. ಇಲ್ಲದಿದ್ದುದು ಪರದೇಶಗಳೊಡನೆ ತಾನೇ ವ್ಯವಹರಿಸುವ ಹಕ್ಕು. ಕೊನೆಯ ಜಗಳವೂ ವ್ಯಾಪಾರದ ಹಿತ ನೋಡಿಕೊಳ್ಳುವ ಕಾನ್ಸಲ್ ಅಧಿಕಾರಿಗಳನ್ನು ಯಾರು ನೇಮಿಸಬೇಕೆಂಬುದರ ಮೇಲೆಯೇ ಹುಟ್ಟಿತು. 1905ರ ಆಗಸ್ಟಿನ ಜನಮತದಲ್ಲಿ ಬೇರ್ಪಡಿಕೆಗೆ 3,68,208 ಮತಗಳೂ ವಿರೋಧವಾಗಿ 184 ಮತಗಳೂ ಬಿದ್ದವು. ಯುದ್ಧವಿಲ್ಲದೆ ಎರಡು ರಾಜ್ಯಗಳು ಬೇರೆಯಾದವು. ಇದನ್ನು ಪಾಲುಗಾರಿಕೆಯ ಮುಕ್ತಾಯವೆನ್ನಬಹುದು. ವಸಾಹತು ವಿಮೋಚನೆಯೆಂದರೆ ಆ ಪದದ ತೂಕವೇ ಹೋಗುವುದು.

ಐರ್ಲೆಂಡಿನ ಕಥೆಯು ಹೀಗಲ್ಲ. ಅಲ್ಲಿಯ ನೆಲವನ್ನು ಕಿತ್ತುಕೊಂಡು ಇಂಗ್ಲೆಂಡ್ ಸ್ಕಾಟ್ಲೆಂಡುಗಳಿಂದ ತಂದ ಒಕ್ಕಲುಗಳಿಗೆ ಕೊಟ್ಟರು. ಉತ್ತರದ ಅಲ್ಸ್ಟರ್ ಪ್ರಾಂತ್ಯದಲ್ಲಿ 1609ರಿಂದ ಇದು ಸರ್ಕಾರದ ಯೋಜನೆಯಾಗಿಯೇ ನಡೆಯಿತು. ಬಹುಸಂಖ್ಯಾತರಾದ ಕ್ಯಾಥೊಲಿಕರಿಗೆ ಭೂಮಿ, ವಿದ್ಯೆ, ಅಧಿಕಾರಗಳು ಸಿಕ್ಕದಂತೆ ಕಾಯಿದೆಗಳಾದವು. 1801ರಲ್ಲಿ ದೇಶವನ್ನು ಬ್ರಿಟನ್ನಿನೊಡನೆ ಕೂಡಿಸಿ ಲಂಡನ್ನಿನ ಸಭೆಯಲ್ಲಿ 100 ಸ್ಥಾನಗಳನ್ನು ಕೊಟ್ಟರು. ಪ್ರತಿನಿಧಿಗಳಿದ್ದ ದೇಶವು ವಸಾಹತಾಗಲಾರದು ಎಂಬ ವಾದವು ನಿಂತಿರುವುದು ಈ ನೂರು ಪೀಠಗಳ ಮೇಲೆಯೇ. ಆ ಪೀಠಗಳು ಎಷ್ಟರಮಟ್ಟಿಗೆ ನೆರವಾದವೆಂಬುದನ್ನು 1845ರಿಂದ ಏಳು ವರ್ಷ ನಡೆದ ಕ್ಷಾಮವು ತೋರಿಸಿತು. ಆಲೂಗಡ್ಡೆಯ ಬೆಳೆಯು ರೋಗದಿಂದ ಕೊಳೆತು ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಬೇರೆ ಧಾನ್ಯವೂ ದನಕರುಗಳೂ ಆ ಕಾಲದಲ್ಲಿಯೂ ರೇವುಗಳಿಂದ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು.

ಕೋಲಾರದ ಹಿರಿಯರ ಬಾಯಲ್ಲಿ ಬಹುಕಾಲ ಉಳಿದಿದ್ದ ಧಾತು, ಈಶ್ವರ ಸಂವತ್ಸರಗಳ ಮಹಾಬರವನ್ನು ಇದರ ಪಕ್ಕದಲ್ಲಿಡಬಹುದು. 1871ರ ಖಾನೇಷುಮಾರಿಯಲ್ಲಿ 50 ಲಕ್ಷಕ್ಕೆ ಮಿಕ್ಕಿದ್ದ ಮೈಸೂರಿನ ಜನಸಂಖ್ಯೆಯು 1881ರಲ್ಲಿ 42 ಲಕ್ಷವನ್ನೂ ಮುಟ್ಟಲಿಲ್ಲ. 1876ರಿಂದ 1878ರ ವರೆಗಿನ ಆ ಬರದ ಕಾಲದಲ್ಲಿ ಸಂಸ್ಥಾನವನ್ನು ಆಳುತ್ತಿದ್ದವರು ಮಹಾರಾಜರಲ್ಲ. 1831ರಲ್ಲಿ ಆಡಳಿತವನ್ನು ಕಿತ್ತುಕೊಂಡಿದ್ದ ಬ್ರಿಟಿಷ್ ಕಮಿಷನರು. ಮಳೆ ಹೋದುದಕ್ಕೆ ಅವರು ಹೊಣೆಗಾರರಲ್ಲವೆಂಬುದು ದಿಟ. ಐರ್ಲೆಂಡಿಗೆ ಲಂಡನ್ನಿನಲ್ಲಿ ನೂರು ಬಾಯಿಗಳಾದರೂ ಇದ್ದವು. ಕೋಲಾರದ ರೈತನಿಗೆ ಒಂದೂ ಇರಲಿಲ್ಲ.

ಇಲ್ಲಿಗೆ ಎರಡು ದೇಶಗಳೂ ಒಂದೇ ತಕ್ಕಡಿಯಲ್ಲಿ ಕುಳಿತವೆಂದು ತೋರಬಹುದು. ಆದರೆ ಕೋಲಾರದ ಚಿನ್ನದ ಕಥೆಯು ಅಷ್ಟು ಸರಾಗವಾಗಿ ಸಾಗಗೊಡುವುದಿಲ್ಲ. ಇಲ್ಲಿ ಗಣಿ ತೋಡಲು 1873ರಲ್ಲಿ ಅಪ್ಪಣೆ ಬೇಡಿದ ಮೈಕಲ್ ಲಾವೆಲ್ ಎಂಬವನು ಐರಿಷ್ ಮೂಲದ ಸಿಪಾಯಿ. ನ್ಯೂಜಿಲೆಂಡಿನಲ್ಲಿ ಮಾವೋರಿ ಜನರ ಮೇಲೆ ಬ್ರಿಟಿಷರು ಹೂಡಿದ ಯುದ್ಧದಲ್ಲಿ ಕಾದಾಡಿ, ಬೆಂಗಳೂರಿನ ದಂಡುಪ್ರದೇಶಕ್ಕೆ ಬಂದು ನೆಲಸಿದವನು. ಬೆಂಗಳೂರಿನ ಒಂದು ರಸ್ತೆಗೆ ಇಂದಿಗೂ ಅವನ ಹೆಸರಿದೆ. ತನ್ನ ದೇಶದ ನೆಲವು ಪರರ ಪಾಲಾಗಿದ್ದಾಗ ಇನ್ನೊಂದು ದೇಶದ ನೆಲದೊಳಗಿನ ಹೊನ್ನನ್ನು ಪರರ ಪಾಲು ಮಾಡುವ ಕಾರ್ಯಕ್ಕೆ ಅವನು ಮೊದಲಿಟ್ಟನು. ಇದು ಅವನೊಬ್ಬನ ಗುಣದೋಷದ ಮಾತಲ್ಲ. ಐರ್ಲೆಂಡಿನಿಂದ ಸಿಪಾಯಿಗಳೂ ಅಧಿಕಾರಿಗಳೂ ಸಾವಿರಗಟ್ಟಲೆಯಾಗಿ ಭಾರತಕ್ಕೆ ಬಂದು ಸಾಮ್ರಾಜ್ಯದ ಕೆಲಸವನ್ನು ನಡೆಸಿದರು. ಅವರಲ್ಲಿಯೇ ಕನಾಟ್ ರೇಂಜರ್ಸ್ ಪಡೆಯ ಕೆಲವರು 1920ರಲ್ಲಿ ಜಲಂಧರದಲ್ಲಿ, ತಮ್ಮ ದೇಶದಲ್ಲಿ ಬ್ರಿಟಿಷ್ ಸೈನ್ಯವು ಮಾಡುತ್ತಿದ್ದುದನ್ನು ಕೇಳಿ, ಆಯುಧವನ್ನು ಕೆಳಗಿಟ್ಟರು. ಜೇಮ್ಸ್ ಡೇಲಿಯೆಂಬ ತರುಣನು ಗುಂಡೇಟಿನ ಶಿಕ್ಷೆಗೆ ಗುರಿಯಾದನು.

ಆಳಿಸಿಕೊಂಡವನು ಆಳುವವನ ಕೈಯಾಳೂ ಆಗಿದ್ದನಾದುದರಿಂದ ಅವನು ಆಳಿಸಿಕೊಂಡವನೇ ಅಲ್ಲ ಎನ್ನುವವರು ಮೈಸೂರಿನ ಕಡೆಗೂ ಒಮ್ಮೆ ನೋಡಬೇಕು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದ ರಾವುತರಲ್ಲಿ ಮೈಸೂರಿನ ಲ್ಯಾನ್ಸರುಗಳೂ ಇದ್ದರು. ಅವರ ಶೌರ್ಯವು ವಾಸ್ತವವಾದುದು. ಆ ಪಟ್ಟಣವೂ ಸುತ್ತಣ ದೇಶವೂ ತರುವಾಯ ಬ್ರಿಟಿಷರ ಕೈಸೇರಿದುದೂ ಅಷ್ಟೇ ವಾಸ್ತವ. ಈ ಕಾರಣದಿಂದ ಮೈಸೂರು ಪರಾಧೀನವಾಗಿರಲಿಲ್ಲವೆಂದು ಯಾರೂ ಹೇಳರು. ಐರ್ಲೆಂಡಿಗೂ ಅದೇ ನ್ಯಾಯ ಸಲ್ಲತಕ್ಕದ್ದು. 1922ರಲ್ಲಿ ಅದು ಪಡೆದ ಬಿಡುಗಡೆಯು ವಸಾಹತು ವಿಮೋಚನೆಯೇ ಎಂದು ಹೇಳಲು ಹಿಂಜರಿಯಬೇಕಾಗಿಲ್ಲ. ಸ್ವತಂತ್ರ ಭಾರತದ ಸಂವಿಧಾನವನ್ನು ರಚಿಸಿದವರು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಿಗೆ ಐರ್ಲೆಂಡಿನ 1937ರ ಸಂವಿಧಾನದ ಮಾದರಿಯನ್ನೇ ಅನುಸರಿಸಿದುದು ಆಕಸ್ಮಿಕವಲ್ಲ.

ಬಾಲ್ಟಿಕ್ ಕರಾವಳಿಯ ಎಸ್ಟೋನಿಯ, ಲಾಟ್ವಿಯ, ಲಿಥುವೇನಿಯಗಳದು ಬೇರೊಂದು ತೊಡಕು. 1918ರಲ್ಲಿ ಸ್ವಾತಂತ್ರ್ಯವನ್ನು ಸಾರಿದ ಆ ರಾಷ್ಟ್ರಗಳನ್ನು ಸೋವಿಯೆತ್ ಒಕ್ಕೂಟವು 1940ರಲ್ಲಿ ನುಂಗಿತು. 1991ರಲ್ಲಿ ಅವು ಹೊರಬಂದವು. 1934ರಲ್ಲಿ ಎಸ್ಟೋನಿಯದ ಜನರಲ್ಲಿ ಆ ಕುಲದವರು ನೂರಕ್ಕೆ 88ರಷ್ಟಿದ್ದರೆ 1989ರ ವೇಳೆಗೆ 62ಕ್ಕೂ ಕಡಿಮೆಯಾಗಿದ್ದರು. ಉಳಿದವರಲ್ಲಿ ಬಹುಮಂದಿ ಯುದ್ಧಾನಂತರ ಬಂದು ನೆಲಸಿದವರು. ನೆಲಸುವಿಕೆಯೇ ವಸಾಹತಿನ ಮೂಲಾರ್ಥವಾದರೆ ಇದು ಆ ಲಕ್ಷಣಕ್ಕೆ ಹೊಂದುವುದು. ಆದರೆ ಆ ದೇಶಗಳವರೇ 'ನಾವು ವಸಾಹತಾಗಿರಲಿಲ್ಲ, ಆಕ್ರಮಿಸಲ್ಪಟ್ಟ ರಾಷ್ಟ್ರವಾಗಿದ್ದೆವು' ಎನ್ನುವರು. ವಸಾಹತೆಂದು ಒಪ್ಪಿದರೆ 1991ರಲ್ಲಿ ಹೊಸದಾಗಿ ಹುಟ್ಟಿದಂತಾಗುವುದು. ಆಕ್ರಮಣವೆಂದರೆ 1918ರ ರಾಷ್ಟ್ರವೇ ಮುಂದುವರಿದಂತಾಗುವುದು. ಬಾಧಿತರ ಈ ಮಾತಿಗೆ ಬೆಲೆ ಕೊಡತಕ್ಕದ್ದೇ. 1960ರಲ್ಲಿ ವಸಾಹತುಗಳ ವಿಮೋಚನೆಯ ಘೋಷಣೆಯನ್ನು ರಾಷ್ಟ್ರಸಂಸ್ಥೆಯ ಮುಂದೆ ಮೊದಲು ಎತ್ತಿದವರು ಸೋವಿಯೆತ್ ಮುಖಂಡರಾದ ಕ್ರುಶ್ಚೇವರೆಂಬುದನ್ನು ಮಾತ್ರ ಮರೆಯಬಾರದು. ಒಣನೆಲದ ಮೇಲಣ ಸಾಮ್ರಾಜ್ಯಕ್ಕೆ ಆ ಉಪ್ಪುನೀರಿನ ಲಕ್ಷಣವು ಬಹಳ ಅನುಕೂಲವಾಗಿದ್ದಿತು.

ಇನ್ನು ಅದೇ ಅಳತೆಗೋಲನ್ನು ಮೈಸೂರಿಗೆ ಹಿಡಿಯುವುದು. 1881ರ ಮಾರ್ಚ್ 25ರಂದು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದಾಗ ಅದರೊಡನೆ ಕೊಟ್ಟ ಪತ್ರದಲ್ಲಿ ಷರತ್ತುಗಳಿದ್ದವು. ಮೈಸೂರು ತನ್ನ ನಾಣ್ಯವನ್ನು ಟಂಕಿಸಕೂಡದು, ಅಪ್ಪಣೆಯಿಲ್ಲದೆ ಕೋಟೆ ಕಟ್ಟಕೂಡದು, ಪರರಾಜ್ಯಗಳೊಡನೆ ವ್ಯವಹರಿಸಕೂಡದು. ವರ್ಷಕ್ಕೆ 24.5 ಲಕ್ಷ ರೂಪಾಯಿಯಿದ್ದ ಪೊಗದಿಯನ್ನು 35 ಲಕ್ಷಕ್ಕೆ ಏರಿಸಿ, ಏರಿಕೆಯ ವಸೂಲಿಯನ್ನು ಕೆಲವು ವರ್ಷ ಮುಂದೂಡಿದರು. ಬೆಂಗಳೂರಿನ ದಂಡುಪ್ರದೇಶವು ಬ್ರಿಟಿಷರಲ್ಲಿಯೇ ಉಳಿಯಿತು. ಅದೇ ವರ್ಷ ಪ್ರಜಾಪ್ರತಿನಿಧಿ ಸಭೆಯು ಸ್ಥಾಪಿತವಾದುದು ಮೈಸೂರಿಗೆ ಕೀರ್ತಿಯೇ; ಆದರೆ ನಾರ್ವೆಯ ಸಭೆಯು ರಾಜನ ಮಾತನ್ನು ಮೀರಬಲ್ಲುದಾಗಿದ್ದರೆ ಇದು ಅರಿಕೆ ಮಾಡಿಕೊಳ್ಳಬಲ್ಲುದಾಗಿತ್ತು. ದೇಶೀಯ ಸಂಸ್ಥಾನಗಳ ಪ್ರಜೆಗಳು ಈ ರೀತಿ ಎರಡು ಒಡೆತನಗಳ ಕೆಳಗೆ ಸಿಕ್ಕಿರುವುದನ್ನು ಮುಳಬಾಗಿಲಿನವರಾದ ಡಿ.ವಿ. ಗುಂಡಪ್ಪನವರು ತಮ್ಮ ಪತ್ರಿಕಾ ಬರಹಗಳಲ್ಲಿ ಎಡೆಬಿಡದೆ ವಿವೇಚಿಸಿದರು.

ಹುಟ್ಟುವಳಿಯ ವಿಷಯದಲ್ಲಿಯಂತೂ ಕೋಲಾರಕ್ಕಿಂತ ಸ್ಪಷ್ಟವಾದ ಸಾಕ್ಷಿಯು ಬೇಡ. 1880ರ ದಶಕದಿಂದ ಜಾನ್ ಟೇಲರ್ ಮಂಡಲಿಯವರ ಕೈಯಲ್ಲಿ ಗಣಿಗಳು ನಡೆದವು. ಪಾಲುದಾರರು ಲಂಡನ್ನಿನವರು, ಮೂರು ಸಾವಿರ ಮೀಟರಿಗೂ ಆಳಕ್ಕೆ ಇಳಿದು ಕಲ್ಲು ಒಡೆದವರು ತಮಿಳು, ತೆಲುಗು ಸೀಮೆಗಳಿಂದ ಬಂದ ಬಡವರು, ಬಹುಮಟ್ಟಿಗೆ ಊರ ಹೊರಗಿನ ಕೇರಿಗಳವರು. ಅವರನ್ನು ಬೆರಳಚ್ಚು ಒತ್ತಿಸಿ ದಾಖಲೆ ಮಾಡಲು ಹೊರಟಾಗ 1930ರಲ್ಲಿ ಮುಷ್ಕರವಾಯಿತು. ಮೈಸೂರು ಸರ್ಕಾರಕ್ಕೆ ರಾಜಧನವು ಬರುತ್ತಿತ್ತು. ಆ ಹಣದಿಂದ ಒಳ್ಳೆಯ ಕೆಲಸಗಳೂ ಆದವು. ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಉತ್ಪಾದಿಸಿ 1902ರಲ್ಲಿ 92 ಮೈಲಿ ದೂರದ ಗಣಿಗಳಿಗೆ ತಂದರು. ರಾಜಧಾನಿಯಂತಿದ್ದ ಬೆಂಗಳೂರಿಗೆ ಅದು ದೊರೆತುದು 1905ರಲ್ಲಿ. ಆ ತಂತಿಗಳ ಕೆಳಗೆ ಉಳುತ್ತಿದ್ದ ಹಳ್ಳಿಗಳು ಕಾದ ಕಾಲವನ್ನು ಇಲ್ಲಿಯ ಹಿರಿಯರೇ ಬಲ್ಲರು. ಬೇತಮಂಗಲದ ಕೆರೆಯ ನೀರು ಗಣಿಪಟ್ಟಣಕ್ಕೆ ಹರಿಯಿತು. ಇವೆಲ್ಲವೂ ನಡೆದುದು ಮಹಾರಾಜರ ಮುದ್ರೆಯ ಕೆಳಗೆ. ಮುದ್ರೆಯು ದೇಶೀಯವಾಗಿದ್ದ ಮಾತ್ರಕ್ಕೆ ಗಣಿಯು ವಸಾಹತಿನ ಗಣಿಯಲ್ಲವೆಂದು ಹೇಳುವುದು, ಲಿಸ್ಬನ್ನಿನವರ ವಾದವನ್ನೇ ಬೇರೆ ಮಾತಿನಲ್ಲಿ ಹೇಳಿದಂತೆ.

ಆದುದರಿಂದ ಈ ಸೀಮೆಗೆ ಬಿಡುಗಡೆಯು ಒಂದೇ ದಿನ ಬರಲಿಲ್ಲ. 1938ರ ಏಪ್ರಿಲ್ 25ರಂದು, ಅಂದು ಕೋಲಾರ ಜಿಲ್ಲೆಗೇ ಸೇರಿದ್ದ ವಿದುರಾಶ್ವತ್ಥದಲ್ಲಿ ಧ್ವಜವನ್ನು ಎತ್ತಲು ನೆರೆದ ಜನರ ಮೇಲೆ ಗುಂಡು ಹಾರಿಸಿದವರು ಮೈಸೂರಿನ ಪೊಲೀಸರು, ಬ್ರಿಟಿಷರಲ್ಲ. 1947ರ ಆಗಸ್ಟಿನಲ್ಲಿ ಮಹಾರಾಜರು ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಆಗಸ್ಟ್ 15 ಕಳೆದರೂ ಪ್ರಜಾಸರ್ಕಾರವು ಬರದಿದ್ದುದರಿಂದ ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಚಳವಳಿಯಾಗಿ, ಅಕ್ಟೋಬರ್ ತಿಂಗಳಿನಲ್ಲಿ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರು ಮೊದಲ ಪ್ರಜಾಮಂತ್ರಿಮಂಡಲವನ್ನು ರಚಿಸಿದರು. ಆಗಲೂ ಗಣಿಗಳು ಲಂಡನ್ ಕಂಪನಿಗಳವೇ. ಮೈಸೂರು ಸರ್ಕಾರವು ಅವನ್ನು ವಹಿಸಿಕೊಂಡುದು 1956ರ ನವೆಂಬರ್ 28ರಂದು. ಜೋಡಿದಾರರ ಕೈಯಿಂದ ಜೋಡಿಗ್ರಾಮಗಳನ್ನು ಬಿಡಿಸಿ ಉಳುವವನಿಗೆ ಸರ್ಕಾರದೊಡನೆ ನೇರವಾದ ಸಂಬಂಧವನ್ನು ಕಲ್ಪಿಸುವ ಇನಾಂ ರದ್ದತಿಯ ಕಾಯಿದೆಯು 1954ರದು; ಮರುವರ್ಷದ ಕಾಯಿದೆಯು ದೇವಾಲಯ, ಮಠಮಾನ್ಯಗಳ ಇನಾಮುಗಳಿಗೂ ಅನ್ವಯಿಸಿತು. ಮಠದ ಸಭೆಯಲ್ಲಿ ಈ ಮಾತನ್ನು ಬಿಟ್ಟು ಮುಂದುವರಿಯುವುದು ನ್ಯಾಯವಾಗುತ್ತಿರಲಿಲ್ಲ. ನೆಲದ ಮೇಲಣ ಕಡೆಯ ಮಾತು ಯಾರದು ಎಂಬ ಪ್ರಶ್ನೆಯನ್ನು ಸಮುದ್ರದಾಚೆಯವರಿಗೆ ಕೇಳಿದವರು ತಮ್ಮ ಮನೆಯಲ್ಲಿಯೂ ಕೇಳಿಕೊಳ್ಳಬೇಕಾಯಿತು.

ಮಾಲ್ಟಾದವರ ಪದ್ಧತಿಯೊಂದು ಇಲ್ಲಿ ನೆನಪಿಗೆ ಬರುವುದು. ಅವರು 1964ರ ಸೆಪ್ಟೆಂಬರ್ 21ನ್ನು ಸ್ವಾತಂತ್ರ್ಯದ ದಿನವೆಂದು ಆಚರಿಸುವರು. ಬ್ರಿಟಿಷ್ ನೌಕಾನೆಲೆಯು ಮುಚ್ಚಿ ಕಡೆಯ ಸಿಪಾಯಿಯು ಹೊರಟುಹೋದ 1979ರ ಮಾರ್ಚ್ 31ನ್ನು ವಿಮೋಚನೆಯ ದಿನವೆಂದು ಬೇರೆಯಾಗಿಯೇ ಆಚರಿಸುವರು. ಕೋಲಾರದ ಗಣಿಗಳು 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಸೇರಿ, 2001ರ ಫೆಬ್ರವರಿ 28ರಂದು ಮುಚ್ಚಿದವು. ಅಷ್ಟರೊಳಗೆ ಸುಮಾರು 800 ಟನ್ನು ಚಿನ್ನವು ಹೊರಬಂದಿತ್ತು. ಅದರ ಬಹುಭಾಗವು ಹೊರಬಂದುದು 1956ಕ್ಕೆ ಮುಂಚೆ. ಅದಿರನ್ನು ಅರೆದು ಸಯನೈಡಿನಲ್ಲಿ ತೊಳೆದು ಬಿಟ್ಟ ಮಣ್ಣಿನ ಗುಡ್ಡಗಳು ಗಣಿಪಟ್ಟಣದ ಸುತ್ತ ಇನ್ನೂ ನಿಂತಿವೆ. ಬೇಸಗೆಯ ಗಾಳಿಗೆ ಅವುಗಳ ದೂಳು ಹಳ್ಳಿಗಳ ಮೇಲೆ ಬೀಳುವುದು.